ಕಾರಿಗೆ ಪೆಟ್ಟಾದಾಗ ಕ್ಲೇಮ್ ಮಾಡಬೇಕೇ, ಬಿಡಬೇಕೇ? ತಪ್ಪು, ಪ್ರೀಮಿಯಂ, ಪರಿಹಾರದ ಪೂರ್ತಿ ಲೆಕ್ಕ

ಕಲಬುರಗಿಯ ರಿಂಗ್ ರೋಡಿನಲ್ಲಿ ಎರಡು ಕಾರು ತಾಗಿದರೆ ಮೊದಲ ಹತ್ತು ನಿಮಿಷ ಒಂದೇ ವಾದಕ್ಕೆ ಹೋಗುತ್ತದೆ: ತಪ್ಪು ಯಾರದು? ಸುತ್ತ ಜನ ಸೇರುತ್ತಾರೆ, ನಾಲ್ಕು ಮಂದಿ ನಾಲ್ಕು ತೀರ್ಪು ಕೊಡುತ್ತಾರೆ, ಕೊನೆಗೆ ಯಾರೋ ಒಬ್ಬರು "ಎಷ್ಟ್ ಆಗ್ತದ ನೋಡ್ರಿ, ಇಲ್ಲೇ ಮುಗಿಸಿ ಬಿಡ್ರಿ" ಅನ್ನುತ್ತಾರೆ. ನಿಮ್ಮ ಕಾರಿನ ರಿಪೇರಿ ಹಣವನ್ನು ನಿಮ್ಮ ವಿಮಾ ಕಂಪನಿಯಿಂದ ಪಡೆಯಲು ಆ ವಾದ ಗೆಲ್ಲುವ ಅಗತ್ಯವೇ ಇಲ್ಲ. ಫುಲ್ ಇನ್ಶೂರೆನ್ಸ್ (ಬೇರೆಯವರ ಹಾನಿಯ ಜೊತೆ ನಿಮ್ಮ ಕಾರಿನ ಹಾನಿಯನ್ನೂ ತುಂಬುವ ಪಾಲಿಸಿ) ಇದ್ದರೆ ತಪ್ಪು ನಿಮ್ಮದೇ ಆದರೂ ಕಂಪನಿ ಕೊಡಬೇಕು. ತಪ್ಪು ಎದುರಿನವರದೇ ಆದರೂ, ನಿಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿದಿರೋ, ನಿಮ್ಮ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಕಡಿತ) ಹೋಗುತ್ತದೆ. ಯಾರ ತಪ್ಪು ಎಂಬುದು ನಿಜವಾಗಿ ಲೆಕ್ಕಕ್ಕೆ ಬರುವುದು ಇನ್ನೊಬ್ಬರಿಗೆ ಗಾಯವೋ ಸಾವೋ ಆಸ್ತಿ ನಷ್ಟವೋ ಆದಾಗ. ಆಗ ಅದನ್ನು ತೀರ್ಮಾನಿಸುವುದು ನ್ಯಾಯಮಂಡಳಿ, ರಸ್ತೆ ಬದಿಯ ಪಂಚಾಯ್ತಿ ಅಲ್ಲ.

ಹೀಗೆ ಎರಡು ಬೇರೆ ಖಾತೆಗಳಿವೆ: ನಿಮ್ಮ ಕಾರಿನ ಹಾನಿಯದು ಒಂದು, ಬೇರೆಯವರಿಗಾದ ಹಾನಿಯದು ಇನ್ನೊಂದು. ಒಂದೊಂದನ್ನೂ ಬಿಡಿಸಿ ನೋಡೋಣ.

1. ಮೊದಲು ಪಾಲಿಸಿ ಕಾಗದ ತೆರೆಯಿರಿ

ಬಹಳ ಮಂದಿಗೆ ತಮ್ಮ ಹತ್ತಿರ ಯಾವ ಪಾಲಿಸಿ ಇದೆ ಎಂಬುದೇ ಗೊತ್ತಿರುವುದಿಲ್ಲ. ಏಜೆಂಟ್ ವಾಟ್ಸಾಪಿಗೆ ಪಿಡಿಎಫ್ ಕಳಿಸಿರುತ್ತಾನೆ, ಅದು ಅಲ್ಲೇ ಬಿದ್ದಿರುತ್ತದೆ. ತೆಗೆದು ಎರಡು ಸಾಲು ಹುಡುಕಿ: ಥರ್ಡ್ ಪಾರ್ಟಿ ಪ್ರೀಮಿಯಂ ಮತ್ತು ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮ ಸ್ವಂತ ಕಾರಿನ ಹಾನಿಗೆ ಕಟ್ಟುವ ಭಾಗ).

ಥರ್ಡ್ ಪಾರ್ಟಿ ವಿಮೆ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಕಡ್ಡಾಯ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಈ ವಿಮೆ ನಿಮ್ಮಿಂದ ಬೇರೆಯವರಿಗಾದ ಹಾನಿಯನ್ನು ತುಂಬುತ್ತದೆ, ನಿಮ್ಮ ಕಾರಿಗೆ ಒಂದು ಪೈಸೆ ಕೊಡುವುದಿಲ್ಲ. ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಗೊತ್ತಿಲ್ಲ: ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಕಾರಿನಲ್ಲಿ ಕೂತು ಬರುವ ನಿಮ್ಮವರಿಗೂ ಅದರಲ್ಲಿ ರಕ್ಷಣೆ ಇಲ್ಲ. ಗಾಣಗಾಪುರಕ್ಕೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವವರು ಇದನ್ನು ಗಮನಿಸಬೇಕು. ಫುಲ್ ಇನ್ಶೂರೆನ್ಸ್ ಇದ್ದರೆ ಕಾರಿನೊಳಗಿನವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಕಾರಿನ ಮಾಲೀಕರೇ ಓಡಿಸುವಾಗ ಅನಾಹುತವಾದರೆ ಅದಕ್ಕೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಪ್ರತ್ಯೇಕ. ಮಾಲೀಕರ ಹೆಸರಿನಲ್ಲಿ ಚಾಲ್ತಿ ಲೈಸೆನ್ಸ್ ಇದ್ದರೆ ಮಾತ್ರ ಅದು ಸಿಗುತ್ತದೆ.

2. ಪ್ರೀಮಿಯಂ ಹೇಗೆ ಕೂಡುತ್ತದೆ

ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ 1,000 ಸಿಸಿವರೆಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಿನ ಎಂಜಿನ್‌ಗೆ 7,897. ಯಾವ ಕಂಪನಿಗೆ ಹೋದರೂ ಇದು ಅಷ್ಟೇ. "ಥರ್ಡ್ ಪಾರ್ಟಿಯೊಳಗ ಡಿಸ್ಕೌಂಟ್ ಕೊಡಿಸ್ತೀನ್ರಿ" ಎನ್ನುವವರಿದ್ದರೆ ಪಾಲಿಸಿಯೇ ಅಸಲಿಯೋ ನಕಲಿಯೋ ನೋಡಿಕೊಳ್ಳಿ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ ಎಲ್ಲಿಯವರೆಗಿದೆ ಎಂದು ಕಾಣುತ್ತದೆ.

ಚೌಕಾಶಿಗೆ ಜಾಗ ಇರುವುದು ಓನ್ ಡ್ಯಾಮೇಜ್ ಭಾಗದಲ್ಲಿ. ಅದನ್ನು ನಿರ್ಧರಿಸುವುದು ಕಾರಿನ ವಯಸ್ಸು, ಸಿಸಿ, ರಿಜಿಸ್ಟ್ರೇಷನ್ ಆದ ಊರು ಮತ್ತು ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಹಾಕಿದ ಬೆಲೆ). ಊರಿನ ಲೆಕ್ಕದಲ್ಲಿ ನಮಗೆ ಸ್ವಲ್ಪ ಅನುಕೂಲ. ಬೆಂಗಳೂರು, ಹೈದರಾಬಾದ್, ಪುಣೆಯಂಥ ಎಂಟು ಮಹಾನಗರಗಳು 'ಎ' ವಲಯ, ಉಳಿದದ್ದೆಲ್ಲ 'ಬಿ' ವಲಯ. ಹಾಗಾಗಿ ಕಲಬುರಗಿ, ಯಾದಗಿರಿ, ಬೀದರಿನ ಕೆಎ-32, ಕೆಎ-33, ಕೆಎ-38ರ ಕಾರುಗಳಿಗೆ ಮೂಲ ದರ ತುಸು ಕಡಿಮೆ. ಬೀದರಿನವರು ಹೈದರಾಬಾದಿನಲ್ಲಿ ಕಾರು ಕೊಂಡರೂ ರಿಜಿಸ್ಟ್ರೇಷನ್ ಇಲ್ಲೇ ಮಾಡಿಸಿದರೆ ಈ ದರವೇ ಅನ್ವಯ. ಒಟ್ಟು ಮೊತ್ತದ ಮೇಲೆ ಶೇ. 18 ಜಿಎಸ್‌ಟಿ.

ಐಡಿವಿ ಎಂದರೆ ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಸಿಗುವ ಗರಿಷ್ಠ ಮೊತ್ತ. ಕಾರು ತಯಾರಿಸಿದ ಕಂಪನಿಯ ಪಟ್ಟಿ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇ. 5, ವರ್ಷದವರೆಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆದು ಇದನ್ನು ಹಾಕುತ್ತಾರೆ. ಪ್ರೀಮಿಯಂ ಕಡಿಮೆ ತೋರಿಸಿ ಗಿರಾಕಿ ಹಿಡಿಯುವ ಸುಲಭ ದಾರಿ ಐಡಿವಿಯನ್ನು ಇಳಿಸುವುದು. ಎರಡು ಕೊಟೇಶನ್ ಹೋಲಿಸುವಾಗ ಮೊದಲು ಐಡಿವಿ ಒಂದೇ ಇದೆಯೇ ನೋಡಿ, ಆಮೇಲೆ ಪ್ರೀಮಿಯಂ ನೋಡಿ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಂಪನಿ ಅದನ್ನು 'ಟೋಟಲ್ ಲಾಸ್' ಎಂದು ಲೆಕ್ಕ ಹಾಕುತ್ತದೆ. ಐಡಿವಿ ಇಳಿಸಿಟ್ಟ ಕಾರು ಆ ಗೆರೆಯನ್ನು ಬೇಗ ಮುಟ್ಟುತ್ತದೆ. ರಿಪೇರಿ ಮಾಡಿಸಬಹುದಾಗಿದ್ದ ಕಾರೂ ಹೋಗುತ್ತದೆ, ಬರುವ ಹಣವೂ ಕಡಿಮೆ.

ಇನ್ನುಳಿದದ್ದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 20 ಕಡಿತ, ನಂತರ 25, 35, 45, ಕೊನೆಗೆ 50. ಒಂದೇ ಒಂದು ಕ್ಲೇಮ್ ಆದರೆ ಸೊನ್ನೆಗೆ ಇಳಿಯುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೂ ಅಷ್ಟೇ.

3. ಸ್ಥಳದಲ್ಲಿ ಮಾಡಬೇಕಾದದ್ದು

ಯಾರಿಗಾದರೂ ಗಾಯವಾಗಿದ್ದರೆ ಉಳಿದದ್ದೆಲ್ಲ ಆಮೇಲೆ. 112ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಸೇರಿಸಿ. ಕಾಯ್ದೆಯ 134ನೇ ಕಲಮು ಇದನ್ನು ಚಾಲಕನ ಹೊಣೆ ಎಂದೇ ಹೇಳುತ್ತದೆ. ಜನ ಸಿಟ್ಟಿಗೆದ್ದು ಮೈಮೇಲೆ ಬರುವ ಪರಿಸ್ಥಿತಿ ಇದ್ದರೆ ಹತ್ತಿರದ ಠಾಣೆಗೆ ಹೋಗಿ ತಿಳಿಸಿ. ಹೇಗಿದ್ದರೂ 24 ಗಂಟೆಯೊಳಗೆ ಪೊಲೀಸರಿಗೆ ಗೊತ್ತಾಗಬೇಕು. ರಸ್ತೆ ಅಪಘಾತದ ಗಾಯಾಳುಗಳಿಗೆ 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಡಿ, ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಬರೀ ತಗಡಿಗೆ ಪೆಟ್ಟಾಗಿದ್ದರೆ ಕಾರು ಸರಿಸುವ ಮುಂಚೆ ಫೋಟೊ ತೆಗೆಯಿರಿ. ಬಂಪರಿನ ಹತ್ತಿರದ ಚಿತ್ರ ಎಲ್ಲರೂ ತೆಗೆಯುತ್ತಾರೆ. ಬೇಕಾಗುವುದು ದೂರದ ಚಿತ್ರ: ರಸ್ತೆಯ ಪೂರ್ತಿ ಅಗಲ, ಎರಡೂ ಗಾಡಿ ನಿಂತ ರೀತಿ, ನಂಬರ್ ಪ್ಲೇಟ್, ಬ್ರೇಕ್ ಹಾಕಿದ ಟೈರ್ ಗುರುತು, ಹತ್ತಿರದ ಬೋರ್ಡ್ ಅಥವಾ ಮೈಲುಗಲ್ಲು. ಕಬ್ಬಿನ ಹಂಗಾಮಿನಲ್ಲಿ ಹುಮನಾಬಾದ್, ಭಾಲ್ಕಿ ಕಡೆ ರಾತ್ರಿ ಓಡಾಡುವವರಿಗೆ ಇದು ಇನ್ನೂ ಮುಖ್ಯ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿಗೆ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಅದರ ಮೇಲೆ ಜೋತುಬಿದ್ದು ಮುಚ್ಚಿರುತ್ತದೆ. ನೀವು ಹಿಂದಿನಿಂದ ಹೋಗಿ ಗುದ್ದಿದರೆ ಮೇಲ್ನೋಟಕ್ಕೆ ತಪ್ಪು ನಿಮ್ಮದೇ ಎನ್ನಿಸುತ್ತದೆ. ಟ್ರೇಲರಿನ ಹಿಂಭಾಗ ಹೇಗಿತ್ತು ಎಂದು ತೋರಿಸುವ ಒಂದು ಫೋಟೊ, ಬೆಳಕು ಹರಿಯುವುದರೊಳಗೆ ಯಾರಾದರೂ ದೀಪ ಕಟ್ಟುವ ಮುಂಚೆ ತೆಗೆದದ್ದು, ಮುಂದೆ ನ್ಯಾಯಮಂಡಳಿಯಲ್ಲಿ ತಪ್ಪಿನ ಪಾಲು ಹಂಚುವಾಗ ಬಹಳ ಕೆಲಸಕ್ಕೆ ಬರುತ್ತದೆ.

ರಸ್ತೆಯಲ್ಲೇ ಕೈಯಿಂದ ಕೈಗೆ ಹಣ ಕೊಟ್ಟು ಮುಗಿಸುವುದು ನಮ್ಮ ಕಡೆ ರೂಢಿ. ಚಿಕ್ಕ ಗೀರಿಗೆ ಅದು ತಪ್ಪೇನಲ್ಲ, ನಾನೂ ಅದನ್ನೇ ಹೇಳುತ್ತೇನೆ. ಆದರೆ "ತಪ್ಪು ನನ್ನದು, ಖರ್ಚು ನಾನು ಕೊಡುತ್ತೇನೆ" ಎಂದು ಬರೆದು ಸಹಿ ಹಾಕಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಎಂಬ ಷರತ್ತು ನಿಮ್ಮ ಪಾಲಿಸಿಯಲ್ಲೇ ಇದೆ. ಎದುರಿನವರಿಗೆ ಗಾಯವಾಗಿದ್ದರಂತೂ ಹಣ ಕೊಟ್ಟು ಮುಗಿಸುವ ಮಾತೇ ಬೇಡ. ಇವತ್ತು ನೋವಿಲ್ಲ ಅಂದವರಿಗೆ ನಾಳೆ ಮೂಳೆ ಮುರಿದದ್ದು ಗೊತ್ತಾಗಬಹುದು.

4. ಕ್ಲೇಮ್ ಮಾಡುವುದು ಲಾಭವೇ? ಕಾಗದದ ಮೇಲೆ ಹಾಕಿ ನೋಡಿ

ಈ ಲೆಕ್ಕವನ್ನು ಶೋರೂಮಿನವರು ನಿಮಗೆ ಹಾಕಿಕೊಡುವುದಿಲ್ಲ. ಅವರಿಗೆ ಕೆಲಸ ಬರಬೇಕು, ಅಷ್ಟೇ.

ಮೂರೂವರೆ ವರ್ಷದ 1,200 ಸಿಸಿ ಕಾರು ಎಂದಿಟ್ಟುಕೊಳ್ಳಿ. ಬೋನಸ್ ಕಳೆಯುವ ಮುಂಚೆ ಓನ್ ಡ್ಯಾಮೇಜ್ ಪ್ರೀಮಿಯಂ 9,000 ರೂಪಾಯಿ, ಈಗಿರುವ ಬೋನಸ್ ಶೇ. 35. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷಗಳಲ್ಲಿ ಬೋನಸ್ 45, 50, 50, 50, 50. ಕ್ಲೇಮ್ ಮಾಡಿದರೆ 0, 20, 25, 35, 45. ವ್ಯತ್ಯಾಸ ಕ್ರಮವಾಗಿ 45, 30, 25, 15, 5, ಕೂಡಿದರೆ ಶೇ. 120. ಅಂದರೆ 9,000ದ ಲೆಕ್ಕದಲ್ಲಿ 10,800 ರೂಪಾಯಿ. ವರ್ಷ ವರ್ಷ ಐಡಿವಿ ಇಳಿಯುವುದರಿಂದ ಇದು ಸ್ವಲ್ಪ ಕಡಿಮೆಯಾಗುತ್ತದೆ, ಜಿಎಸ್‌ಟಿ ಸೇರಿದರೆ ಸ್ವಲ್ಪ ಏರುತ್ತದೆ. ಈ ಒಂದು ಕ್ಲೇಮಿನ ನಿಜವಾದ ಬೆಲೆ ಸುಮಾರು ಹತ್ತು ಸಾವಿರ.

ಈಗ ಕಂಪನಿ ಎಷ್ಟು ಕೊಡುತ್ತದೆ? ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಅರ್ಧ ಕತ್ತರಿಸುತ್ತಾರೆ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ, ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ. 25. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನು ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿ ಪೂರ್ತಿ ಸಿಗುತ್ತದೆ. ಎಲ್ಲ ಕಳೆದ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಜೇಬಿನಿಂದ.

ಬಂಪರ್ ಮಾತ್ರ ಒಡೆದಿದೆ: ಬಂಪರ್ 5,000, ಪೇಂಟಿಂಗ್ 3,000. ಬಂಪರಿಗೆ ಸಿಗುವುದು 2,500, ಪೇಂಟಿಂಗಿಗೆ 2,625, ಒಂದು ಸಾವಿರ ಕಳೆದರೆ ಕೈಗೆ 4,125. ಅದಕ್ಕಾಗಿ ಹತ್ತು ಸಾವಿರದ ಬೋನಸ್ ಕಳೆದುಕೊಳ್ಳುವುದು ಜಾಣತನವಲ್ಲ. ಪರಿಚಯದ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿಸಿ ಸುಮ್ಮನಾಗಿ.

ಪೆಟ್ಟು ದೊಡ್ಡದು: ಬಂಪರ್ 5,000, ಹೆಡ್‌ಲೈಟ್ 7,000, ಫೆಂಡರ್ 4,000, ಕೂಲಿ 3,000, ಪೇಂಟಿಂಗ್ 8,000, ಒಟ್ಟು 27,000. ಸಿಗುವುದು 2,500, 3,500, 3,000, 3,000 ಮತ್ತು 7,000. ಸಾವಿರ ಕಳೆದರೆ 18,000. ಈಗ ಕ್ಲೇಮ್ ಮಾಡಬಹುದು.

'ಬಂಪರ್ ಟು ಬಂಪರ್' ಎಂದು ಕರೆಯುವ ಜೀರೋ ಡೆಪ್ರಿಸಿಯೇಷನ್ ಇದ್ದರೆ ಮೇಲಿನ ಕಡಿತಗಳು ಹೋಗುತ್ತವೆ, ಆದರೆ ಆ ಕಡ್ಡಾಯ ಸಾವಿರ ಹೋಗುವುದಿಲ್ಲ, ಬೋನಸ್ ಉಳಿಯುವುದೂ ಇಲ್ಲ. ಬೋನಸ್ ಉಳಿಸುವ ರೈಡರ್ (ಹೆಚ್ಚು ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆ) ಬೇರೆಯೇ ಇದೆ. ಹೊಸ ಕಾರಿಗೆ ಮೊದಲ ಐದು ವರ್ಷ ಜೀರೋ ಡೆಪ್ ಹಾಕಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇವತ್ತಿನ ಕಾರುಗಳ ಮುಂಭಾಗದಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು.

5. ಸರ್ವೇಯರ್ ಬರುವವರೆಗೆ ಕೈ ಹಚ್ಚಬೇಡಿ

ಕ್ಲೇಮ್ ಮಾಡುವುದೆಂದು ನಿರ್ಧರಿಸಿದರೆ ಅವತ್ತೇ ಕಂಪನಿಯ ಟೋಲ್ ಫ್ರೀ ನಂಬರಿಗೆ ಅಥವಾ ಆ್ಯಪಿನಲ್ಲಿ ತಿಳಿಸಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ಏಜೆಂಟನಿಗೆ ಫೋನ್ ಮಾಡಿದರೆ ಕಂಪನಿಗೆ ತಿಳಿಸಿದಂತೆ ಆಗುವುದಿಲ್ಲ. ಆರ್‌ಸಿ, ಲೈಸೆನ್ಸ್, ಪಾಲಿಸಿ, ಎಸ್ಟಿಮೇಟ್ ಸಾಕು. ಬರೀ ನಿಮ್ಮ ಕಾರಿಗೆ ಪೆಟ್ಟಾದ ಸಾದಾ ಕ್ಲೇಮಿಗೆ ಎಫ್‌ಐಆರ್ ಬೇಕಿಲ್ಲ. ಗಾಯ, ಸಾವು, ಕಳವು ಇದ್ದರೆ ಬೇಕೇ ಬೇಕು. ಕಳವಾದರೆ ಎರಡೂ ಕೀಲಿ ಕೇಳುತ್ತಾರೆ, ಒಂದು ಕೀಲಿ ಎಲ್ಲೋ ಕಳೆದಿದೆ ಎಂದರೆ ಪ್ರಶ್ನೆಗಳ ಸರಮಾಲೆ ಶುರು.

ಸರ್ವೇಯರ್ (ಹಾನಿ ಅಂದಾಜು ಮಾಡಲು ಕಂಪನಿ ಕಳಿಸುವವರು) ಬಂದು ನೋಡುವುದು ಏನು ಎಂದು ಗ್ಯಾರೇಜಿನಲ್ಲಿ ಒಮ್ಮೆ ಪಕ್ಕಕ್ಕೆ ನಿಂತು ಗಮನಿಸಿ. ಒಡೆದ ಅಂಚಿಗೆ ಬೆರಳು ಹಚ್ಚುತ್ತಾರೆ. ಒಡೆದ ಜಾಗದಲ್ಲಿ ಮಣ್ಣು ಕೂತಿದೆಯೇ, ತಗಡಿನ ಗೀರಿನಲ್ಲಿ ತುಕ್ಕು ಹಿಡಿದಿದೆಯೇ ನೋಡುತ್ತಾರೆ. ಬಲಗಡೆ ಗುದ್ದಿದೆ ಎಂದು ಬರೆದ ಅರ್ಜಿಯಲ್ಲಿ ಎಡಗಡೆ ಬಾಗಿಲಿನ ಹಳೇ ತಗ್ಗನ್ನೂ ಸೇರಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಆಮೇಲೆ ನಿಜವಾದ ಪೆಟ್ಟನ್ನೂ ಅನುಮಾನದಿಂದ ನೋಡುತ್ತಾರೆ. "ಸಾಹೇಬ್ರ, ಅದನ್ನೂ ಒಂದ್ ಅದರೊಳಗ ಹಾಕ್ರಿ" ಎನ್ನುವ ಆಸೆ ಬೇಡ. ಅವರು ತಯಾರಿಸಿದ ಸರ್ವೆ ವರದಿಯ ಪ್ರತಿ ಕೇಳಿ ಪಡೆಯುವ ಹಕ್ಕು ನಿಮಗಿದೆ. ಯಾವುದನ್ನು ಯಾಕೆ ಕಡಿದರು ಎಂಬುದು ಅದರಲ್ಲೇ ಇರುತ್ತದೆ.

ಮಳೆಗಾಲದ ಒಂದು ಎಚ್ಚರಿಕೆ. ಕಾಗಿಣಾ ತುಂಬಿದರೆ ಮಳಖೇಡದ ಸೇತುವೆ ಮುಳುಗುತ್ತದೆ, ಭೀಮಾ ತೀರದ ಹಳ್ಳಿಗಳ ರಸ್ತೆಗಳದೂ ಅದೇ ಕಥೆ. ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಒಳಗೆ ಹೋದ ಎಂಜಿನ್ನನ್ನು ಕ್ರ್ಯಾಂಕ್ ಮಾಡಿ ಕೆಡಿಸಿದರೆ ಅದು ಪ್ರವಾಹದಿಂದಾದ ಹಾನಿ ಅಲ್ಲ, ನೀವು ಆಮೇಲೆ ಮಾಡಿಕೊಂಡದ್ದು ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ಹೊಳೆ ದಾಟಿ ಓಡಾಡುವ ಊರಿನವರಾದರೆ ಎಂಜಿನ್ ಪ್ರೊಟೆಕ್ಟ್ ರೈಡರಿಗೆ ಕೊಡುವ ಹಣ ದಂಡವಲ್ಲ.

ಕ್ಲೇಮ್ ಪೂರ್ತಿ ಬಿದ್ದುಹೋಗುವ ಕಾರಣಗಳು ಕೆಲವೇ: ಕುಡಿದು ಓಡಿಸಿದ್ದು, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟದ್ದು, ಮತ್ತು ನಮ್ಮಲ್ಲಿ ಅತಿ ಹೆಚ್ಚು ಕಾಣುವ, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಿದ್ದು. ಮದುವೆಗೋ ಪಂಢರಪುರಕ್ಕೋ ಡೀಸೆಲ್ ಜೊತೆ ಸ್ವಲ್ಪ ಹಣ ತೆಗೆದುಕೊಂಡು ಹೋದದ್ದು ತನಿಖೆಯಲ್ಲಿ ಹೊರಬಿದ್ದರೆ ಕಾರಿನ ರಿಪೇರಿ ನಿಮ್ಮ ತಲೆಗೇ.

6. ತಪ್ಪು ಯಾರದು ಎಂಬುದು ಕೋರ್ಟಿಗೆ ಹೋದಾಗ

ಗಾಯಾಳು ಅಥವಾ ಮೃತರ ಕುಟುಂಬ ಪರಿಹಾರ ಕೇಳುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಲ್ಲಿ ಎರಡು ದಾರಿ. 164ನೇ ಕಲಮಿನಡಿ ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. 166ನೇ ಕಲಮಿನಡಿ ಚಾಲಕನ ನಿರ್ಲಕ್ಷ್ಯ ಸಾಬೀತಾಗಬೇಕು, ಆಗ ದುಡಿಮೆ, ವಯಸ್ಸು, ಅವಲಂಬಿತರ ಲೆಕ್ಕದಲ್ಲಿ ಪರಿಹಾರ ಹೆಚ್ಚು ಸಿಗಬಹುದು. ಎರಡೂ ಪಕ್ಷಗಳದು ತಪ್ಪಿದ್ದರೆ ನ್ಯಾಯಮಂಡಳಿ ಪಾಲು ಹಾಕುತ್ತದೆ. ಕತ್ತಲಲ್ಲಿ ದೀಪವಿಲ್ಲದೆ ನಿಲ್ಲಿಸಿದ ಸಿಮೆಂಟ್ ಲಾರಿಗೆ ಬೈಕ್ ಗುದ್ದಿದರೆ ಸವಾರನ ಪಾಲು ಇಷ್ಟು, ಲಾರಿಯ ಪಾಲು ಇಷ್ಟು ಎಂದು ಹಂಚಿ, ಸವಾರನ ಪಾಲಿನಷ್ಟನ್ನು ಪರಿಹಾರದಲ್ಲಿ ಕಳೆಯುತ್ತದೆ.

ಇಲ್ಲಿ ತೂಕ ಇರುವುದು ಎಫ್‌ಐಆರ್, ಸ್ಥಳ ಪಂಚನಾಮೆ, ಪೊಲೀಸರ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿಗೆ. 2022ರ ಏಪ್ರಿಲ್‌ನಿಂದ ಬಂದ ನಿಯಮದಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. ಪಂಚನಾಮೆಯಲ್ಲಿ ನಿಮ್ಮ ಕಡೆಯ ವಿವರ ಬಿಟ್ಟುಹೋಗಿದ್ದರೆ ಆಗಲೇ ಲಿಖಿತವಾಗಿ ತಿಳಿಸಿ. ವರ್ಷ ಕಳೆದ ಮೇಲೆ ಹೇಳಿದರೆ ಕೇಳುವವರಿಲ್ಲ.

166ನೇ ಕಲಮಿನ ಮೂರನೇ ಉಪಕಲಮು ಅರ್ಜಿಗೆ ಆರು ತಿಂಗಳ ಗಡುವು ಹೇಳುತ್ತದೆ, ಹಾಗಾಗಿ ತಡ ಮಾಡಬಾರದು. ಬೀದರಿನವರು ಜಹೀರಾಬಾದ್ ಹತ್ತಿರ ಅಪಘಾತಕ್ಕೆ ಸಿಕ್ಕರೆ ಎಫ್‌ಐಆರ್ ತೆಲಂಗಾಣದಲ್ಲಿ ಆಗುತ್ತದೆ, ಆದರೆ ಪರಿಹಾರದ ಅರ್ಜಿಯನ್ನು ತಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಬೆಂಗಳೂರಿಗೆ ಓಡಬೇಕಿಲ್ಲ, 2013ರಿಂದ ಕಲಬುರಗಿಯಲ್ಲೇ ಹೈಕೋರ್ಟಿನ ಶಾಶ್ವತ ಪೀಠ ಇದೆ. ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ 161ನೇ ಕಲಮಿನಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ.

ನಿಮ್ಮ ಕಾರಿನಿಂದ ಬೇರೆಯವರ ಆಸ್ತಿಗೆ ನಷ್ಟವಾದರೆ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆ 7.5 ಲಕ್ಷದವರೆಗೆ ತುಂಬುತ್ತದೆ. ನಿಮಗೆ ಗುದ್ದಿದ ಟ್ರ್ಯಾಕ್ಟರಿಗೆ ವಿಮೆಯೇ ಇಲ್ಲದಿದ್ದರೆ ಮಾಲೀಕನ ಆಸ್ತಿಯಿಂದಲೇ ವಸೂಲಿ ಆಗಬೇಕು, ಅದು ಎಷ್ಟು ಕಷ್ಟ ಎಂದು ಊರಿನ ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ. ನಿಮ್ಮ ಕಾರಿಗೆ ಓನ್ ಡ್ಯಾಮೇಜ್ ಇರಲಿ ಎಂದು ನಾನು ಹೇಳುವುದಕ್ಕೆ ದೊಡ್ಡ ಕಾರಣ ಇದೇ.

7. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು

ಸೊಲ್ಲಾಪುರ, ಹೈದರಾಬಾದಿನಿಂದ ಹಳೇ ಕಾರು ತರುವುದು ಇಲ್ಲಿ ಸಾಮಾನ್ಯ. ಆರ್‌ಸಿಯಲ್ಲಿ ಹೆಸರು ಬದಲಾದರೆ ಸಾಲದು, 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಬೇಕು. ಥರ್ಡ್ ಪಾರ್ಟಿ ಭಾಗ ತಾನೇ ವರ್ಗವಾಗುತ್ತದೆ, ಓನ್ ಡ್ಯಾಮೇಜ್ ಆಗುವುದಿಲ್ಲ. ಹಳೇ ಮಾಲೀಕರ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಮನುಷ್ಯನದು. ಅವರು ಪ್ರಮಾಣಪತ್ರ ಪಡೆದು ಮೂರು ವರ್ಷದೊಳಗೆ ತಮ್ಮ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಏಜೆಂಟ್ ನಿಮಗೆ ಶೇ. 50 ಬೋನಸ್ ಹಾಕಿ ಅಗ್ಗದ ಪಾಲಿಸಿ ಮಾಡಿಕೊಟ್ಟಿದ್ದರೆ ಈಗಲೇ ಸರಿಪಡಿಸಿಕೊಳ್ಳಿ, ಕ್ಲೇಮ್ ದಿನ ಕಂಪನಿ ಹಳೇ ಕಂಪನಿಗೆ ಬರೆದು ವಿಚಾರಿಸುತ್ತದೆ.

8. ಕೊಡುವುದಿಲ್ಲ ಎಂದರೆ

ಫೋನಿನಲ್ಲಿ "ರಿಜೆಕ್ಟ್ ಆಗೇದ್ರಿ" ಎಂದರೆ ಒಪ್ಪಬೇಡಿ. ಕಾರಣವನ್ನೂ ಪಾಲಿಸಿಯ ಯಾವ ಷರತ್ತಿನಡಿ ಎಂಬುದನ್ನೂ ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಹಾಕಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಿ. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಎನಿಸದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಹತ್ತಿರ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, 50 ಲಕ್ಷದವರೆಗಿನ ದೂರು ಅವರ ವ್ಯಾಪ್ತಿಯಲ್ಲಿದೆ. ಇದು ನಿಮ್ಮ ಸ್ವಂತ ಕ್ಲೇಮಿಗೆ ಮಾತ್ರ, ಥರ್ಡ್ ಪಾರ್ಟಿ ಪರಿಹಾರದ ವ್ಯಾಜ್ಯ ನ್ಯಾಯಮಂಡಳಿಯದೇ. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ, ಆದರೆ ಒಂದೇ ದೂರನ್ನು ಏಕಕಾಲಕ್ಕೆ ಎರಡೂ ಕಡೆ ನಡೆಸುವಂತಿಲ್ಲ. ದೂರಿನ ಜೊತೆ ಸರ್ವೆ ವರದಿ, ಫೋಟೊ, ಬಿಲ್ಲು, ತಿರಸ್ಕಾರದ ಪತ್ರ ಇರಲಿ. ಕಂಪನಿ ಬಿಲ್ಲಿನಲ್ಲಿ ಅರ್ಧ ಕೊಟ್ಟು 'ಪೂರ್ತಿ ಮತ್ತು ಅಂತಿಮ' ಎಂಬ ಕಾಗದಕ್ಕೆ ಸಹಿ ಕೇಳಿದರೆ, ಒಪ್ಪಿಗೆಯಿಲ್ಲದಿದ್ದಲ್ಲಿ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಎಂದು ಬರೆದೇ ಸಹಿ ಮಾಡಿ, ಆ ಪುಟದ ಫೋಟೊವನ್ನೂ ಇಟ್ಟುಕೊಳ್ಳಿ.